ಸರಕಿಗಲ್ಲದೆ ಹೋದ ಹೈದರಾಬಾದ್

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಆರೂವರೆಗೆ ರಾಯಚೂರಿನಿಂದ ಬಸ್ಸು ಹತ್ತಿದೆ. ಹೈದರಾಬಾದಿಗೆ ತೊಂಬತ್ತೆರಡು ರೂಪಾಯಿ ಟಿಕೀಟು, ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ ದಾರಿ. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ನನಗೇ ನೆನಪಿಲ್ಲ. ಆದರೆ ಪ್ರತಿ ಸಲವೂ ನೆಟ್ಟಗೆ ಬೇಗಂ ಬಜಾರಿಗೆ ಹೋಗಿ, ನನ್ನ ಅಂಗಡಿಗೆ ಬೇಕಾದ ಪಾತ್ರೆ ಆರಿಸಿ, ಗೋಣಿಚೀಲ ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ಮರಳಿದವಳು ನಾನು. ಗೋಲ್ಕೊಂಡ ಯಾವ ದಿಕ್ಕಿಗಿದೆ ಎಂದು ಯಾರಾದರೂ ಕೇಳಿದ್ದರೆ ಬಾಯಿ ಬಾಯಿ ಬಿಡಬೇಕಾಗಿತ್ತು.

ಹೊಸ ವರ್ಷಕ್ಕೆ ಎರಡು ಆಸೆ ಇಟ್ಟುಕೊಂಡಿದ್ದೆ. ಒಂದು, ಸರಕು, ಮದುವೆ, ಮಣ್ಣು ಇಂಥ ಯಾವ ನೆಪವೂ ಇಲ್ಲದೆ ಒಂದು ಊರು ನೋಡಿ ಬರುವುದು. ಎರಡು, ನಮ್ಮ ಹೊಸ ಮನೆಗೆ ಬೇಕಾದವರನ್ನು ಕರೆದು, ಕೂರಿಸಿ, ನನ್ನ ಕೈಯಾರೆ ಬಡಿಸಿ ಉಣ್ಣಿಸುವುದು. ಆ ಬೇಕಾದವರಲ್ಲಿ ಮೊದಲ ಹೆಸರು ವಿಮಲಾಬಾಯಿಯವರದು.

ಅವರು ಯಾರೆಂದು ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ನಾನು ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಮಾಡುತ್ತಿದ್ದೆ. ವಿಮಲಾಬಾಯಿಯ ಯಜಮಾನರು ರೈಲ್ವೆಯಲ್ಲಿದ್ದರು. ರಾಯಚೂರಿನ ಕ್ವಾರ್ಟರ್ಸಿನಲ್ಲಿ ಅವರ ಮನೆ. ಒಂದು ಬೋಗುಣಿಗೆ ಒಂದು ತಾಸು ಚೌಕಾಸಿ ಮಾಡುವ ಹೆಂಗಸು. ನಾನು ವ್ಯಾಪಾರ ಕಲಿತದ್ದೇ ಅವರ ಹತ್ತಿರ ಸೋತು ಸೋತು. ಬಿಸಿಲಿದ್ದರೆ ಚಹಾ ಕೊಡುತ್ತಿದ್ದರು, ಸುಖದುಃಖ ಕೇಳುತ್ತಿದ್ದರು. ಆದರೆ ಎಲ್ಲವೂ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ. ಆಮೇಲೆ ಯಜಮಾನರಿಗೆ ವರ್ಗವಾಗಿ ಹೈದರಾಬಾದಿನಲ್ಲೇ ನೆಲೆಯಾದರು. ನಾನು ಬುಟ್ಟಿ ಇಳಿಸಿ ಅಂಗಡಿ ಹಾಕಿದೆ. ಮೇ ತಿಂಗಳಲ್ಲಿ ನಮ್ಮ ಗೃಹಪ್ರವೇಶಕ್ಕೆ ಕರೆದೆ, ಬರಲಿಲ್ಲ. ದೀಪಾವಳಿಗೆ ಕರೆದೆ, ಮೊಮ್ಮಗಳನ್ನು ನೋಡಿಕೊಳ್ಳುವವರಿಲ್ಲ ಎಂದರು. ಹೋದ ವಾರ ಅವರೇ ಫೋನ್ ಮಾಡಿ, "ಹೊಸ ವರ್ಷದ ದಿನ ನೀನ ಬಾ ಶಾಂತವ್ವ, ಮನ್ಯಾಗ ಉಂಡು ಹೋಗು" ಅಂದರು. ಅವರ ಮನೆಯೊಳಗೆ ಕೂತು ಉಣ್ಣಲು ಕರೆ ಬಂದದ್ದು ಇದೇ ಮೊದಲು. ಅಲ್ಲಿ ಉಂಡು, ಎದುರಿಗೇ ಮಾತು ತೆಗೆದುಕೊಂಡು, ಅವರನ್ನು ನಮ್ಮ ಮನೆಗೆ ಬರುವಂತೆ ಮಾಡಬೇಕು. ಹೊರಟದ್ದು ಅದಕ್ಕೆ, ಒಂದು ದಿನ ಮೊದಲೇ ಹೊರಟದ್ದು ಊರು ನೋಡುವುದಕ್ಕೆ.

ಕೃಷ್ಣಾ ಸೇತುವೆ ದಾಟುವಾಗ ಚಳಿಗೆ ಕಿಟಕಿ ಮುಚ್ಚಿದೆ. ಮೆಹಬೂಬನಗರದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಅಲ್ಲಿ ಇಡ್ಲಿ ತಿನ್ನುವವರು ನಿಲ್ದಾಣದೊಳಗೆ ತಿನ್ನಬೇಡಿ, ಗೇಟು ದಾಟಿ ಎಡಕ್ಕೆ ತಿರುಗಿದರೆ ಅದೇ ಇಡ್ಲಿ ಬಿಸಿಯಾಗಿ, ಅಗ್ಗವಾಗಿ ಸಿಗುತ್ತದೆ. ಶಂಷಾಬಾದ್ ಹತ್ತಿರ ಬಂದಂತೆ ರಸ್ತೆಯ ಎರಡೂ ಬದಿಗೆ ಹೊಲವೇ ಕಾಣಲಿಲ್ಲ, ಬರೇ ಪ್ಲಾಟಿನ ಬೋರ್ಡು. ಹೊಸ ವಿಮಾನ ನಿಲ್ದಾಣ ಬರುತ್ತದೆಂದು ಕಲ್ಲುಬಂಡೆಗಳ ಮೇಲೂ ನಂಬರು ಬರೆದಿದ್ದರು. ಪಕ್ಕದ ಸೀಟಿನ ಮನುಷ್ಯ ನನಗೂ ಒಂದು ಪ್ಲಾಟು ಮಾರಲು ನೋಡಿದ. ಬಂಡೆ ಒಡೆಯುವ ಖರ್ಚು ಯಾರದು ಎಂದು ಕೇಳಿದ ಮೇಲೆ ಸುಮ್ಮನಾದ.

ಹನ್ನೆರಡಕ್ಕೆ ಇಳಿದು ನಾಂಪಲ್ಲಿಯ ಒಂದು ಲಾಡ್ಜಿಗೆ ಹೋದೆ. ಹೋದ ವಾರ ಫೋನಿನಲ್ಲಿ ವಿಚಾರಿಸಿದ ದರ ಒಂದು, ಅವತ್ತು ಮ್ಯಾನೇಜರ್ ಹೇಳಿದ ದರ ಅದರ ಎರಡರಷ್ಟು. ಕಾರಣ ಕೇಳಿದರೆ ಹೊಸ ವರ್ಷದ ಪ್ಯಾಕೇಜು ಅಂದ. ಮಹಡಿಯ ಮೇಲೆ ಊಟ, ಹಾಡು, ತಲೆಗೆ ಕಾಗದದ ಟೊಪ್ಪಿಗೆ, ಎಲ್ಲವೂ ಸೇರಿದೆಯಂತೆ, ಬೇಡವೆನ್ನುವ ಹಾಗಿಲ್ಲವಂತೆ. ಐವತ್ತು ದಾಟಿದ ಹೆಂಗಸಿಗೆ ಕಾಗದದ ಟೊಪ್ಪಿಗೆ! ಕಂಪ್ಯೂಟರ್ ಸಂಬಳ ಬಂದು ಈ ಊರಿನವರಿಗೆ ಬಾಯಿಗೆ ಬಂದದ್ದೇ ದರವಾಗಿದೆ. ನಾನು ಜಗಳ ಆಡಲಿಲ್ಲ. ಚೀಲ ಅಲ್ಲೇ ಇಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಬಂದ ಪ್ರತಿ ಗಿರಾಕಿಗೂ ಇಲ್ಲಿ ಹೋದ ವಾರದ ದರ ಎಷ್ಟಿತ್ತೆಂದು ಹೇಳತೊಡಗಿದೆ. ಮೂರನೆಯ ಗಿರಾಕಿ ಹಿಂದಿರುಗಿದಾಗ ಮ್ಯಾನೇಜರ್ ಹಳೆಯ ದರಕ್ಕೇ ಕೀಲಿ ಕೊಟ್ಟ. ಓದುವವರು ಇದನ್ನು ನೆನಪಿಡಬೇಕು: ದನಿ ಏರಿಸುವುದಕ್ಕಿಂತ ಕುರ್ಚಿ ಹಿಡಿದು ಕೂರುವುದು ಮೇಲು.

ಗೋಲ್ಕೊಂಡದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು. ಗೈಡು ಮುನ್ನೂರು ಕೇಳಿದ, ಎಂಬತ್ತಕ್ಕೆ ಒಪ್ಪಿಸಿ ಬೀಗುತ್ತ ಹೊರಟೆ. ಬಾಗಿಲ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿ, ಈ ಸಪ್ಪಳ ಮೇಲೆ ಅರಮನೆಯವರೆಗೆ ಕೇಳುತ್ತದೆಂದು ತೋರಿಸಿದ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. "ಅಸ್ಸೀ ಮೇ ಇತ್ತಾಚ್ ಅಮ್ಮಾ" ಅಂದ, ಎಂಬತ್ತಕ್ಕೆ ಇಷ್ಟೇ. ಸಿಟ್ಟು ನೆತ್ತಿಗೇರಿತು, ಆದರೆ ಇನ್ನೊಂದು ರೂಪಾಯಿ ಕೊಡಲಿಲ್ಲ, ಒಬ್ಬಳೇ ಹತ್ತಿದೆ. ನೀವು ಹೋದರೆ ದರದ ಜೊತೆಗೆ ಎಲ್ಲಿಯವರೆಗೆ ಎಂಬುದನ್ನೂ ಕೆಳಗೇ ಮಾತಾಡಿಕೊಳ್ಳಿ. ಮೇಲೆ ನಿಂತು ಇಳಿಬಿಸಿಲಿನಲ್ಲಿ ಊರು ನೋಡಿದೆ. ಒಂದು ಕಡೆ ಗುಮ್ಮಟ, ಇನ್ನೊಂದು ಕಡೆ ದೂರದಲ್ಲಿ ಗಾಜಿನ ಆಫೀಸುಗಳು. ಏನನ್ನೂ ಕೊಳ್ಳುವುದಿಲ್ಲ, ಯಾರೂ ಕಾಯುತ್ತಿಲ್ಲ ಎಂಬ ಸುಖ ಅರ್ಧ ತಾಸು ಸಿಕ್ಕಿತು. ಮೊದಲ ಆಸೆ ಅಲ್ಲಿಗೆ ತೀರಿತು ಅಂದುಕೊಂಡೆ.

ಮರುದಿನ ಹತ್ತು ಗಂಟೆಗೆ ಕೂಕಟ್‌ಪಲ್ಲಿಗೆ ಸಿಟಿ ಬಸ್ಸು ಹಿಡಿದೆ. ಕೈಯಲ್ಲಿ ವಿಮಲಾಬಾಯಿಗೆಂದು ತಂದ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ನಾನೇ ಮಾಡಿದ ಶೇಂಗಾ ಹೋಳಿಗೆ. ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮೇಲೆ ಗಂಟು ಹಾಕಿದ್ದೆ. ಫ್ಲಾಟಿನ ಗೇಟಿನಲ್ಲಿ ವಾಚ್‌ಮನ್ ಆ ಗಂಟನ್ನು ನೋಡಿ, ಮಾರುವವರನ್ನು ಬಿಡುವುದಿಲ್ಲ ಎಂದು ತೆಲುಗಿನಲ್ಲಿ ಗದರಿಸಿದ. ಗೆಸ್ಟ್ ಎಂದರೂ ನಂಬದೆ ಮೇಲೆ ಫೋನ್ ಮಾಡಿ ಕೇಳಿದ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತೆ.

ಬಾಗಿಲು ತೆರೆದದ್ದು ಸೊಸೆ ಶ್ರುತಿ. ಮೈಸೂರಿನ ಹುಡುಗಿ, ಮಾದಾಪುರದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. "ಬನ್ನಿ ಆಂಟಿ, ಒಳಗ್ ಬನ್ನಿ" ಎಂದು ನಗುತ್ತ ಕರೆದಳು. ಡಬ್ಬಿಯ ಗಂಟನ್ನು ಇಸಿದುಕೊಂಡು ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ವಿಮಲಾಬಾಯಿ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ತೆಳ್ಳಗಾಗಿದ್ದರು. "ಬಂದೇನವಾ? ಬಾ, ಕುಂದ್ರು" ಎಂದು ಸೋಫಾ ತೋರಿಸಿದರು. ಕೂತೆ. ಇಪ್ಪತ್ತು ವರ್ಷದ ಮೇಲೆ ಹೊಸ್ತಿಲ ಒಳಗೆ ಕೂತೆ.

ಊಟ ಎಂದಿದ್ದರಲ್ಲ, ಅದರ ಬಗ್ಗೆ ಹೇಳುತ್ತೇನೆ. ಸೊಸೆಯ ಆಫೀಸಿನ ಆರು ಮಂದಿ ಬಂದಿದ್ದರು. ಹೋಟೆಲಿನಿಂದ ಪೊಟ್ಟಣ ಬಂತು. ಥರ್ಮೋಕೋಲ್ ತಾಟು, ಪ್ಲಾಸ್ಟಿಕ್ ಚಮಚ, ಹಿಡಿದರೆ ಕುಸಿಯುವ ಲೋಟ. ಎಲ್ಲರೂ ನಿಂತುಕೊಂಡೇ ತರಕಾರಿ ಬಿರಿಯಾನಿ ತಿಂದರು, ನಾನೂ ಗೋಡೆಗೆ ಆತು ತಿಂದೆ. ಬಡಿಸುವವರಿಲ್ಲ, ಇನ್ನೊಂದು ತುತ್ತು ಹಾಕಿಕೊಳ್ಳಿ ಎನ್ನುವವರಿಲ್ಲ. ಉಂಡ ತಾಟು ಕಸದ ಚೀಲಕ್ಕೆ. ನಾನು ಕೊಟ್ಟ ಪಾತ್ರೆಗಳೆಲ್ಲ ಎಲ್ಲಿ ಎಂದು ಮೆಲ್ಲಗೆ ಕೇಳಿದೆ. "ಅಟ್ಟದ ಮ್ಯಾಲ ಅದಾವ ನೋಡು. ತಿಕ್ಕೋರು ಯಾರು ಅಂತಾಳ" ಎಂದರು ವಿಮಲಾಬಾಯಿ. ಆ ಹುಡುಗಿಯನ್ನು ಬೈಯಲಾರೆ, ವಾರದಲ್ಲಿ ಆರು ದಿನ ಹೊರಗೆ ದುಡಿಯುತ್ತಾಳೆ. ಆದರೆ ಜನರನ್ನು ಮನೆಗೆ ಕರೆದು ನಿಲ್ಲಿಸಿ ಕಳಿಸುವುದನ್ನು ಊಟಕ್ಕೆ ಕರೆಯುವುದು ಎನ್ನಬಾರದು. ಎರಡೇ ಬಗೆ ಅಡುಗೆ ಮಾಡಿ, ಸಾಕು. ಆದರೆ ಕೂರಿಸಿ, ಕೈಯಿಂದ ಬಡಿಸಿ.

ಮಂದಿ ಹೋದ ಮೇಲೆ ನಾನು ನನ್ನ ಮಾತು ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ಶ್ರುತಿ ಒಳಗಿನಿಂದ ಒಂದು ಬಟ್ಟೆಗಂಟು ತಂದು ನನ್ನ ಕಾಲ ಹತ್ತಿರ ಇಟ್ಟಳು. ಮೂರು ರೇಷ್ಮೆ ಸೀರೆ, ಎರಡು ಜೀನ್ಸ್ ಪ್ಯಾಂಟು.

"ಆಂಟಿ, ಆ ಡಬ್ಬಕ್ಕೆ ಇಷ್ಟು ಸಾಕಾ? ಇಲ್ಲಾ ಇನ್ನೊಂದೆರಡು ತರ್ಲಾ?"

ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ನಾನು ಡಬ್ಬಿ ಹೊತ್ತು ಬಂದದ್ದು ವ್ಯಾಪಾರಕ್ಕೆ ಎಂದುಕೊಂಡಿದ್ದಳು. ನಾಚಿಕೆಯ ಮಾತೆಂದರೆ ನನ್ನ ಕೈ ಆಗಲೇ ಸೀರೆಯ ಅಂಚಿಗೆ ಹೋಗಿ ಜರಿ ತಿಕ್ಕಿ ನೋಡುತ್ತಿತ್ತು. ಅಸಲಿ ಜರಿ. ಕೈ ಹಿಂದಕ್ಕೆ ಎಳೆದುಕೊಂಡು ವಿಮಲಾಬಾಯಿಯ ಮುಖ ನೋಡಿದೆ. ಅವರು ಮಗುವಿನ ಕೂದಲು ಸರಿ ಮಾಡುತ್ತ ಕೂತಿದ್ದರು. ಸೊಸೆಯದು ತಿಳಿಯದೆ ಆದ ತಪ್ಪು. ತಿಳಿದವರು ಸುಮ್ಮನಿದ್ದದ್ದು ನನ್ನನ್ನು ಸುಟ್ಟಿತು.

ಎದ್ದು ಹೋಗಿ ಬಾಗಿಲ ಬಳಿಯ ಗಂಟನ್ನು ತಂದು ಬಿಚ್ಚಿದೆ. ಡಬ್ಬಿಯ ಮೇಲೆ ಅಂಗಡಿಯಲ್ಲಿ ಹೆಸರು ಕೊರೆಸಿದ್ದೆ: ವಿಮಲಾಬಾಯಿಯವರಿಗೆ, ಶಾಂತವ್ವನಿಂದ. ಮುಚ್ಚಳ ತೆಗೆದು ಹೋಳಿಗೆ ತೋರಿಸಿದೆ. ಹುಡುಗಿಯ ಮುಖ ಸಣ್ಣದಾಯಿತು. "ಅಯ್ಯೋ ಸಾರಿ ಆಂಟಿ, ಅತ್ತೆ ಹೇಳಿದ್ರು, ಅದಕ್ಕೇ..." ಎಂದು ನಿಲ್ಲಿಸಿದಳು.

"ಏನು ಹೇಳೀರಿ ಬಾಯಾರ ನನ್ನ ಬಗ್ಗೆ?" ಎಂದು ಕೇಳಿದೆ.

"ಪಾತ್ರಿ ಕೊಡತಿದ್ದಳು ಅಂತ ಹೇಳೀನಿ ಶಾಂತವ್ವ. ಅದು ಖರೇನ ಐತೆಲ್ಲ."

"ಖರೇನ ಐತಿ. ಮನಿಗಿ ಕರದಾಗ್ಲೂ ಬುಟ್ಟಿ ಹೊತ್ಕೊಂಡ ಬರತೀನಿ ಅಂತನೂ ಹೇಳಿದ್ರೇನು? ಇವತ್ತ ನಾ ಉಣ್ಣಾಕ ಬಂದೀನ್ರಿ."

ಅವರು ಒಂದು ಹೋಳಿಗೆ ತೆಗೆದು ಅರ್ಧ ಮುರಿದು ಮಗುವಿಗೆ ಕೊಟ್ಟರು, ಇನ್ನರ್ಧ ಕೈಯಲ್ಲೇ ಹಿಡಿದುಕೊಂಡು ಕೂತರು. ಗೃಹಪ್ರವೇಶಕ್ಕೆ ಯಾಕೆ ಬರಲಿಲ್ಲ ಎಂಬುದು ನನಗೆ ಆವಾಗ ಚೆನ್ನಾಗಿ ತಿಳಿಯಿತು. ಮೊಮ್ಮಗಳು ಒಂದು ನೆಪ. ನನ್ನ ಕಟ್ಟೆಯ ಮೇಲಿನ ಜಾಗ ಅವರ ತಲೆಯಲ್ಲಿ ಹಾಗೇ ಇತ್ತು. ಚಪ್ಪಲಿ ಮೆಟ್ಟಿ ಹೊರಟುಬಿಡಬೇಕೆನ್ನಿಸಿತು. ಆದರೆ ಬರಿಗೈಯಲ್ಲಿ ಹೊರಡುವುದು ನನ್ನ ಜಾಯಮಾನವಲ್ಲ. ಬಟ್ಟೆಗಂಟನ್ನು ಕಾಲಿನಿಂದ ಆಚೆ ಸರಿಸಿ ಮತ್ತೆ ಕೂತೆ.

"ವ್ಯಾಪಾರ ಅಂದ್ರ ವ್ಯಾಪಾರನ ಆಗ್ಲಿ. ಈ ಡಬ್ಬಿಗಿ ಸೀರಿ ನಡಿಯಂಗಿಲ್ಲ. ಸಂಕ್ರಾಂತಿ ಆದ ಐತ್ವಾರ ನೀವು ನಮ್ಮನಿಗಿ ಬರಬೇಕು. ಎರಡ ರಾತ್ರಿ ಇರಬೇಕು. ನಾ ಮಾಡಿದ್ದು ಉಣ್ಣಬೇಕು. ಅದ ಇದರ ದರ."

ವಿಮಲಾಬಾಯಿ ತಲೆ ಎತ್ತಿದರು. ಆಮೇಲೆ ಆ ಹಳೆಯ ದನಿ ಬಂತು, ಕ್ವಾರ್ಟರ್ಸಿನ ಕಟ್ಟೆಯ ದನಿ.

"ಭಾಳ ತುಟ್ಟಿ ಆತು ಶಾಂತವ್ವ. ಮುಂಜಾನಿ ಬಂದು ಸಂಜಿಗಿ ಹೊಳ್ಳತೀನಿ."

"ಮುಂಜಾನಿ ಬಂದು ಸಂಜಿಗಿ ಹೋಗಾಕ ನಮ್ಮನಿ ಏನು ಆಫೀಸೇನ್ರಿ? ಎರಡ ರಾತ್ರಿ."

"ಈ ಕೂಸಿನ್ನ ಯಾರು ನೋಡತಾರ?"

ಶ್ರುತಿ ತಾನೇ ಎರಡು ದಿನ ರಜೆ ಹಾಕುತ್ತೇನೆಂದಳು. ವಿಮಲಾಬಾಯಿ ಅವಳ ಕಡೆ ಕಣ್ಣು ಕೆಂಪಗೆ ಮಾಡಿದರು, ಚೌಕಾಸಿಯ ನಡುವೆ ಬಾಯಿ ಹಾಕಿದ್ದಕ್ಕೆ. ಕೊನೆಗೆ ಒಂದು ರಾತ್ರಿಗೆ ಬಂದು ನಿಂತರು. ಡಬ್ಬಿ ತಳದಲ್ಲಿ ತೆಳುವಾಗಿದೆ, ಮುಚ್ಚಳ ಸಡಿಲವಾಗಿದೆ, ಹೋಳಿಗೆಗೆ ಬೆಲ್ಲ ಹೆಚ್ಚಾಗಿದೆ ಎಂದು ಒಂದೊಂದೇ ಹುಳುಕು ತೆಗೆದರು. ಕೈಯಲ್ಲಿದ್ದ ಅರ್ಧ ಹೋಳಿಗೆ ಆಗಲೇ ಖಾಲಿಯಾಗಿತ್ತು. ನಾನು ಎರಡು ರಾತ್ರಿಯಿಂದ ಒಂದು ಗಳಿಗೆಯನ್ನೂ ಇಳಿಸಲಿಲ್ಲ. ನಾಲ್ಕು ಗಂಟೆಗೆ ಎದ್ದು, ಡಬ್ಬಿಯನ್ನು ಅಲ್ಲೇ ಬಿಟ್ಟು, ಲಿಫ್ಟಿನ ದಾರಿ ಹಿಡಿದೆ. ಅವರು ಮಗುವನ್ನು ಎತ್ತಿಕೊಂಡು ಗೇಟಿನವರೆಗೂ ಒಂದೇ, ಒಂದೇ ಎನ್ನುತ್ತ ಬಂದರು.

ಆಟೋದವನು ಮೀಟರ್ ಖರಾಬ್ ಎಂದ. ಅವನೊಂದಿಗೆ ಮಾತಿಗೆ ನಿಲ್ಲದೆ ಕೇಳಿದಷ್ಟಕ್ಕೇ ಒಪ್ಪಿ ಹತ್ತಿ ಕೂತೆ. ಹೈದರಾಬಾದಿನಲ್ಲಿ ನಾನು ಹೀಗೆ ಮಾಡಿದ್ದು ಇದೊಂದೇ ಸಲ, ನೀವು ಮಾಡಬೇಡಿ. ಎರಡು ರಾತ್ರಿಗೆ ಒಪ್ಪದಿದ್ದರೆ ನಾನು ಹೊರಟೇಬಿಡುತ್ತೇನೆ ಎಂದು ವಿಮಲಾಬಾಯಿಗೆ ಕಾಣಬೇಕಾಗಿತ್ತು. ಆಟೋ ಹತ್ತು ಮಾರು ಹೋಗಿರಬೇಕು, ಹಿಂದಿನಿಂದ "ಶಾಂತವ್ವಾ" ಎಂದು ಕೂಗಿದರು. ತಿರುಗಲಿಲ್ಲ. ಮೊದಲ ಕೂಗಿಗೆ ತಿರುಗಿದವರ ಸರಕು ಅಗ್ಗವಾಗುತ್ತದೆ. ಎರಡನೆಯ ಸಲ ಕೂಗಿದಾಗ ಹೊರಗೆ ತಲೆ ಹಾಕಿ ನೋಡಿದೆ. ರಸ್ತೆಯ ನಡುವೆ ನಿಂತು, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಸಿಡುಕಿದ ಮುಖದಲ್ಲಿ ಕೈ ಎತ್ತಿ ಎರಡು ಬೆರಳು ತೋರಿಸುತ್ತಿದ್ದರು.

ಆಟೋದವನು ನಿಲ್ಲಿಸಲೇ ಎಂದು ಕೇಳಿದ. ನಿಂತರೆ ಮತ್ತೆ ಒಂದಕ್ಕೆ ಇಳಿಸುತ್ತಾರೆ, ಜೋರಾಗಿ ಹೊಡಿ ಎಂದೆ.