ಕತ್ತರಿಕೊಕ್ಕಿನ ಎಂಜಲು ನೀರು

ಆಸ್ಟ್ರಿಯಾದ ನಮ್ಮ ಎಬೆನ್‌ಸೀ ಊರಿನಲ್ಲಿ ಚಳಿಗಾಲಕ್ಕೆ ಮುಂಚೆ ಕಾಡುಹಕ್ಕಿ ಹಿಡಿಯದವನನ್ನು ಯಾರೂ ಗಂಡಸು ಅನ್ನುವುದಿಲ್ಲ. ಹಿಡಿದದ್ದನ್ನು ನವೆಂಬರಿನ ಪ್ರದರ್ಶನದಲ್ಲಿ ತೋರಿಸಿ, ಹೊಗಳಿಸಿಕೊಂಡು, ವಸಂತ ಬಂದಾಗ ಹಾರಿಬಿಡಬೇಕು. ಎಂಗೆಲ್‌ಬರ್ಟ್ ಲೋಯ್ಡಲ್ ಹಿಡಿಯುವುದರಲ್ಲಿ ಗಟ್ಟಿಗ, ಬಿಡುವುದರಲ್ಲಿ ಜಿಪುಣ. ಹಕ್ಕಿಗೆ ಕಾಳು ಮಾರುವವನು ನಾನು, ಹಾಗಾಗಿ ನನಗೇನೂ ತಕರಾರಿರಲಿಲ್ಲ.

ಅವನು ಬಿಡದೆ ಇಟ್ಟುಕೊಂಡದ್ದು ಒಂದು ಕೆಂಪು ಹಕ್ಕಿ. ಕೊಕ್ಕಿನ ತುದಿಗಳು ಕತ್ತರಿಯಂತೆ ಒಂದನ್ನೊಂದು ಹಾದಿರುತ್ತವೆ. ನಾವು ಕತ್ತರಿಕೊಕ್ಕು ಅನ್ನುತ್ತೇವೆ. ಇದನ್ನು ರೋಗಿಯ ಕೋಣೆಯಲ್ಲಿ ತೂಗುಹಾಕಿದರೆ ಕೀಲುನೋವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದಂತೆ, ಅದು ಕುಡಿದು ಬಿಟ್ಟ ನೀರು ಔಷಧಿಯಂತೆ. ಊರಿನ ಉಳಿದವರು ಇದನ್ನು ನಂಬುವುದು ಮಂಡಿ ನೋಯುವಾಗ ಮಾತ್ರ. ಎಂಗೆಲ್‌ಬರ್ಟ್ ಸದಾ ನಂಬಿದ. ಹುಡುಗನಾಗಿದ್ದಾಗ ಅವನು ಪದ್ಧತಿಯಂತೆ, ಕಾಯಿಲೆ ಬಿದ್ದಿದ್ದ ಅಮ್ಮನ ಕೋಣೆಯ ಹಕ್ಕಿಯನ್ನು ಹಾರಿಬಿಟ್ಟಿದ್ದ. ಅದೇ ವಾರ ಅಮ್ಮ ತೀರಿಹೋದಳು. ಆಮೇಲೆ ಕಾಡಿನಲ್ಲಿ ಮರ ಕಡಿದ, ಹಿಮದಲ್ಲಿ ದಿಮ್ಮಿ ಜಾರಿಸಿದ, ಮದುವೆಯಾದ. ಆ ವಾರದಿಂದ ಮಾತ್ರ ಈಚೆ ಬರಲಿಲ್ಲ.

ಈಗ ಹೆಂಡತಿ ವಾಲ್‌ಬುರ್ಗಾಳ ಮಂಡಿ ಕೆಟ್ಟು, ಅವಳು ಮಹಡಿ ಇಳಿದು ವರ್ಷವಾಗುತ್ತ ಬಂದಿತ್ತು. ಆಪರೇಷನ್ ಮಾಡಿದರೆ ನಡೆಯುತ್ತಾಳೆ, ಇನ್ನೂ ತಡಮಾಡಿದರೆ ಇಲ್ಲ ಎಂದರು ಡಾಕ್ಟರು. "ಹಕ್ಕಿ ಎಳ್ಕೊಳ್ತಾ ಇದೆ, ಸುಮ್ನಿರಿ" ಅಂದ ಇವನು.

ಒಂದು ದಿನ ಕಾಳು ಹೊತ್ತು ಮೇಲೆ ಹೋದರೆ ವಾಲ್‌ಬುರ್ಗಾ ಕಾಯುತ್ತಿದ್ದಳು.

"ನೋಡೋ, ಅದಕ್ಕೆ ಬೆಳಿಗ್ಗೆ ಹೊಸ ನೀರು, ನನಗೆ ಅದರ ಎಂಜಲು. ಈ ಮನೇಲಿ ಪಂಜರದಲ್ಲಿರೋದು ಯಾರು ಹೇಳು?"

"ಹಕ್ಕಿ ದೂರು ಹೇಳಲ್ಲ ಅಕ್ಕಾ, ನೀವು ಹೇಳ್ತೀರಿ. ಅಷ್ಟೇ ವ್ಯತ್ಯಾಸ."

"ನಿನ್ನ ಜೋಕೂ ನಿನ್ನ ಕಾಳಿನ ಹಾಗೇ, ಹುಳ ಹಿಡಿದಿದೆ. ನಾಳೆ ಅವನು ಹಕ್ಕಿಗೆ ಸ್ಪ್ರೂಸ್ ಮರದ ಕಾಯಿ ತರೋಕೆ ಕಾಡಿಗೆ ಹೋಗ್ತಾನೆ. ವ್ಯಾನ್ ತಗೊಂಡ್ ಬಾ. ಆಸ್ಪತ್ರೇಲಿ ಮಾತಾಡಿದೀನಿ."

ಗಿರಾಕಿಯನ್ನು ಕೈಯಾರೆ ಕಳೆದುಕೊಳ್ಳುವ ವ್ಯಾಪಾರ. ಆದರೂ ಹೋದೆ.

ಮೆಟ್ಟಿಲು ಒಬ್ಬರಿಗೆ ಮಾತ್ರ ಸಾಲುವಷ್ಟು ಇಕ್ಕಟ್ಟು. ಅವಳು ಕೂತುಕೊಂಡೇ ಒಂದೊಂದಾಗಿ ಜಾರುತ್ತ ಇಳಿದಳು, ಹಿಂದೆ ಬಟ್ಟೆಗಂಟು ಹಿಡಿದು ನಾನು. ಅರ್ಧ ಇಳಿದಿರಬೇಕು, ಕೆಳಗೆ ಬಾಗಿಲು ತೆರೆಯಿತು. ಕಾಡಿನಲ್ಲಿ ಬಿರುಗಾಳಿ ಎದ್ದು ಎಂಗೆಲ್‌ಬರ್ಟ್ ಬೇಗ ಬಂದುಬಿಟ್ಟಿದ್ದ, ಹೆಗಲ ಮೇಲೆ ಕಾಯಿ ಚೀಲ.

"ಎಲ್ಲಿಗೆ?"

"ಆಸ್ಪತ್ರೆಗೆ."

"ದಾರಿ ಬಿಡು, ಹಕ್ಕಿ ಹಸಿದಿದೆ." ಮೇಲೆ ಅದು ಕಿಪ್ ಕಿಪ್ ಎಂದು ಕೂಗುತ್ತಲೇ ಇತ್ತು.

ವಾಲ್‌ಬುರ್ಗಾ ಮೆಟ್ಟಿಲಿನ ಕಟಕಟೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. "ಕೂಗಲಿ. ಮೇಲಕ್ಕೆ ಎತ್ತಿದ್ರೆ ಕಟಕಟೆ ಸಮೇತ ಎತ್ತು."

ನಾನು ಅವಳನ್ನು ಬಿಟ್ಟು ಮೇಲೂ ಹೋಗಲಾರೆ, ದಾಟಿ ಕೆಳಗೂ ಇಳಿಯಲಾರೆ.

"ಅಮ್ಮಂದೂ ಹೀಗೇ, ಹಕ್ಕಿ ಬಿಟ್ಟ ವಾರಾನೇ..." ಎಂದ ಅವನು.

"ನಾನು ನಿಮ್ಮಮ್ಮ ಅಲ್ಲ ಕಣೋ, ಬುದ್ಧಿಗೇಡಿ. ನನಗೆ ನಡೀಬೇಕು."

ಅವನು ಚೀಲ ಕೆಳಗಿಟ್ಟ. ತಿರುಗಿ, ಬೆನ್ನು ಕೊಟ್ಟು ಕುಕ್ಕರಿಸಿದ. ಅವಳು ಕಟಕಟೆ ಬಿಟ್ಟು ಅವನ ಕುತ್ತಿಗೆ ಹಿಡಿದಳು. ವ್ಯಾನಿನಲ್ಲಿ ಕೂರಿಸಿ ಅವಳ ಮಂಡಿಗೆ ತನ್ನ ಕೋಟು ಹೊದಿಸಿದ.

"ನೀನೂ ಹತ್ತು" ಎಂದಳು.

"ಆಗಲ್ಲ. ನೀನು ಬರೋವರೆಗೂ ಹಕ್ಕಿ ಸಾಯಬಾರದು. ಯಾರಾದ್ರೂ ಕಾಯ್ತಾ ಕೂರಬೇಕಲ್ಲ."

ಅವಳು ಬೈಯಲಿಲ್ಲ. "ಹೊರಡು" ಎಂದಳು ನನಗೆ. ವ್ಯಾನು ತಿರುಗಿಸುವಷ್ಟರಲ್ಲಿ ಅವನು ಒಳಗೆ ಹೋಗಿ ಅಗುಳಿ ಹಾಕಿಕೊಂಡಿದ್ದ.