ಎರಡು ದಿನ ಹಿಂದೆ ಬಿದ್ದ ಗಡಿಯಾರ

ಆಗ ನಾನು ಗೋಕಾಕದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ವಿದ್ಯಾರ್ಥಿಗಳ ಲಿನಕ್ಸ್ ಅಭ್ಯಾಸಕ್ಕಾಗಿ ಪ್ರತಿ ಯಂತ್ರದಲ್ಲೂ ವರ್ಚುವಲ್ ಮಷೀನ್ ಹಾಕಿದ್ದರು. ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ಒಳಗಿನದು ಹೊರಗಿನದರೊಂದಿಗೆ ಹೊಂದಿಕೊಂಡು ನಡೆಯಬೇಕಾದರೆ ಅದರಲ್ಲಿ ಗೆಸ್ಟ್ ಟೂಲ್ಸ್ ಎಂಬ ಸಣ್ಣ ತಂತ್ರಾಂಶ ಇರಬೇಕು. ಇಲ್ಲದಿದ್ದರೆ ಪರದೆ ಚಿಕ್ಕದಾಗುತ್ತದೆ, ಮೌಸ್ ಒಳಗೇ ಸಿಕ್ಕಿಕೊಳ್ಳುತ್ತದೆ, ಗಡಿಯಾರವೂ ತಪ್ಪುತ್ತದೆ.

ಅರ್ಧ ಯಂತ್ರಗಳಿಗೆ ಅದನ್ನು ಹಾಕಿದ್ದೆ, ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ತಡೆದರು.

"ಎಲ್ಲಾ ಚಲೋ ನಡದೈತಿ ಅಲ್ರಿ? ಸುಮ್ನ ಯಾಕ ಕೆದಕ್ತೀರಿ? ಪರೀಕ್ಷಾ ಬಂತು."

"ಸರ್, ಉಳಿದದ್ದು ಒಂದ್ ಮಧ್ಯಾಹ್ನದ ಕೆಲಸ ಐತ್ರಿ."

"ಬಿಡ್ರಿ ಅಂದೆ."

ಬಿಟ್ಟೆ. ಅದಕ್ಕೆ ಇವತ್ತಿಗೂ ನನ್ನ ಮೇಲೆಯೇ ನನಗೆ ಸಿಟ್ಟು.

ಪ್ರಾಕ್ಟಿಕಲ್ ಪರೀಕ್ಷೆ ಬುಧವಾರ ನಡೆಯಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಪ್ರೋಗ್ರಾಂ ಬರೆದು ಮುಗಿಸಿದಳು. ಒಂದೂ ತಪ್ಪಿರಲಿಲ್ಲ. ಮುಖ್ಯಸ್ಥರಿಗೆ ಅಲ್ಲೇ ಅನುಮಾನ ಬಂತು. ಫೈಲಿನ ದಿನಾಂಕ ನೋಡಿದರೆ ಸೋಮವಾರದ್ದು.

"ಮನ್ಯಾಗ ಮಾಡ್ಕೊಂಡ ಬಂದು ಇಲ್ಲಿ ಹಾಕೀಯೇನ?"

"ಇಲ್ರಿ ಸರ್, ಇಲ್ಲೇ ಬರದೇನ್ರಿ."

"ಹಂಗಾರ ಕಂಪ್ಯೂಟರ್ ಸುಳ್ಳ ಹೇಳಾಕತ್ತೈತಿ?"

ಎಲ್ಲರ ಎದುರು ಅವಳ ಕೈಗೆ ಹಾಳೆ ಕೊಟ್ಟು, ನಕಲು ಮಾಡಿದ್ದೇನೆಂದು ಬರೆದುಕೊಡಲು ಹೇಳಿದರು. ಅವಳು ಪೆನ್ನು ಹಿಡಿದು ನಿಂತಳು, ಬರೆಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳ ಯಂತ್ರದ ಮುಂದೆ ಹೋಗಿ ಕುಳಿತೆ. ಒಳಗಿನ ಗಡಿಯಾರ ಇನ್ನೂ ಸೋಮವಾರವನ್ನೇ ತೋರಿಸುತ್ತಿತ್ತು. ಅಂದು ಅಭ್ಯಾಸ ಮುಗಿದ ಮೇಲೆ ಯಾರೋ ವರ್ಚುವಲ್ ಮಷೀನನ್ನು ಬಂದ್ ಮಾಡದೆ, ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ ಹೋಗಿದ್ದರು. ಬುಧವಾರ ಮುಂಜಾನೆ ತೆರೆದಾಗ ಗಡಿಯಾರ ನಿಂತಲ್ಲಿಂದಲೇ ಮುಂದೆ ನಡೆದಿತ್ತು. ಅದನ್ನು ಸರಿಪಡಿಸಬೇಕಾದ ಗೆಸ್ಟ್ ಟೂಲ್ಸ್ ಈ ಯಂತ್ರದಲ್ಲಿ ಇರಲಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರನ್ನು ಕರೆದೆ. ಅವರ ಕಣ್ಣೆದುರೇ ಒಂದು ಖಾಲಿ ಫೈಲ್ ಮಾಡಿ ತೋರಿಸಿದೆ. ಅದಕ್ಕೂ ಸೋಮವಾರದ್ದೇ ದಿನಾಂಕ ಬಿತ್ತು.

"ಖರೇನ ಸುಳ್ಳ ಹೇಳಾಕತ್ತೈತ್ರಿ ಸರ್, ಕಂಪ್ಯೂಟರ್," ಎಂದು ಮುಖ್ಯಸ್ಥರಿಗೆ ಹೇಳಿದೆ. ದನಿ ಏರಿತ್ತು, ಇಳಿಸಲಿಲ್ಲ.

ಪರೀಕ್ಷಕರು ಅವಳ ಕೈಯಿಂದ ಹಾಳೆ ತೆಗೆದುಕೊಂಡು ಹರಿದರು. "ಕುಂದರವಾ ತಂಗಿ, ನಿಂದೇನೂ ತಪ್ಪಿಲ್ಲ," ಎಂದು ಅಂಕ ಹಾಕಿದರು. ಮುಖ್ಯಸ್ಥರು ಮಾತ್ರ, "ಏನೋ ಟೆಕ್ನಿಕಲ್ ಆಗಿತ್ತು, ಬಿಡ್ರಿ," ಎಂದು ಹೊರಗೆ ನಡೆದರು. ನಕಲು ಅಂದದ್ದು ಇಡೀ ಲ್ಯಾಬಿಗೆ ಕೇಳಿಸಿತ್ತು. ಬಿಡ್ರಿ ಅಂದದ್ದು ನನಗೂ ಪರೀಕ್ಷಕರಿಗೂ ಮಾತ್ರ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ನನ್ನ ಬಾಜೂ ಬಂದು ನಿಂತಳು. "ನೀವು ನೋಡದಿದ್ರ ಏನಾಗ್ತಿತ್ರಿ ಮೇಡಂ?" ಎಂದು ಕೇಳಿದಳು. ಅವಳ ಬಸ್ಸು ಬಂದು ಅವಳು ಹತ್ತುವವರೆಗೆ ಜೊತೆಗೇ ನಿಂತಿದ್ದೆ.

ಮರುದಿನ ನನ್ನ ಮೇಜಿನ ಮೇಲೆ ಮುಖ್ಯಸ್ಥರ ಒಂದು ಮೆಮೊ ಇತ್ತು: ಲ್ಯಾಬ್ ನಿರ್ವಹಣೆಯಲ್ಲಿ ನಿರ್ಲಕ್ಷ್ಯ. ನನ್ನದಂತೆ! ಯಾರು ಯಾವಾಗ ತಡೆದರು, ಏನೆಂದು ತಡೆದರು, ಎಲ್ಲವನ್ನೂ ಬರೆದು ಪ್ರಿನ್ಸಿಪಾಲರ ಕೈಗೇ ಕೊಟ್ಟೆ. ಮೆಮೊ ವಾಪಸ್ಸಾಯಿತು. ಅಂದೇ ಮಧ್ಯಾಹ್ನ, ಯಾರನ್ನೂ ಕೇಳದೆ, ಉಳಿದ ಯಂತ್ರಗಳಿಗೆಲ್ಲ ಗೆಸ್ಟ್ ಟೂಲ್ಸ್ ಹಾಕಿ ಮುಗಿಸಿದೆ. ಮುಖ್ಯಸ್ಥರು ಬಾಗಿಲಲ್ಲಿ ನಿಂತು ನೋಡಿ ಹೋದರು. ಆ ಹುಡುಗಿಗೆ ಕೊನೆಯವರೆಗೂ ತಪ್ಪಾಯ್ತು ಅನ್ನಲಿಲ್ಲ.