ನಿಲ್ಲದ ಮೀಟರ್ ಚಕ್ರ

ಆ ಚಳಿಗಾಲದಲ್ಲಿ ಬಾಳಗಡಿಯ ನಮ್ಮ ಮನೆಯ ಕರೆಂಟ್ ಬಿಲ್ ನೋಡಿ ನನಗೆ ತಲೆ ಕೆಟ್ಟುಹೋಗಿತ್ತು. ಗೀಸರ್ ಬಂದ್ ಮಾಡಿಸಿ, ಸ್ನಾನದ ನೀರನ್ನು ಒಲೆಯ ಮೇಲೆ ಕಾಯಿಸುವ ಹಾಗೆ ಮಾಡಿದೆ. ಹಳೆಯ ಬಲ್ಬುಗಳನ್ನೆಲ್ಲ ತೆಗೆದು ಸಿಎಫ್‌ಎಲ್ ಹಾಕಿದೆ. ಬಿಲ್ ಮಾತ್ರ ಇಳಿಯಲಿಲ್ಲ.

ಒಂದು ಸಂಜೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಟಾರ್ಚ್ ಹಿಡಿದು ಜಗಲಿಗೆ ಬಂದು ನೋಡಿದರೆ, ಮೀಟರಿನ ಚಕ್ರ ನನ್ನನ್ನು ಅಣಕಿಸುವಂತೆ ಇನ್ನೂ ತಿರುಗುತ್ತಿತ್ತು! ಸಿಟ್ಟು ನೆತ್ತಿಗೇರಿತು. ಕತ್ತಲಲ್ಲೇ ಕೋಣೆ ಕೋಣೆ ಜಾಲಾಡಿದೆ. ಕೊನೆಗೆ ಅಡುಗೆಮನೆಯ ಕಪಾಟಿನ ಸಂದಿಯಲ್ಲಿ ಹಳದಿ ಬೆಳಕು ಕಂಡಿತು. ಬಾಗಿಲು ತೆಗೆದರೆ, ನಾನು ತೆಗೆದಿಟ್ಟಿದ್ದ ಹಳೆಯ ಬಲ್ಬೊಂದು, ಕಪಾಟಿನ ಹಿಂದೆ ನನ್ನ ಕಣ್ಣಿಗೆ ಬೀಳದ ಪ್ಲಗ್ಗಿಗೆ ವಯರ್ ಸಿಕ್ಕಿಸಿಕೊಂಡು, ಇಡ್ಲಿ ಹಿಟ್ಟಿನ ಪಾತ್ರೆಗೆ ಕಾವು ಕೊಡುತ್ತಾ ಉರಿಯುತ್ತಿತ್ತು.

"ಇದೆಂತ ಅಮ್ಮ?" ಎಂದು ಕೂಗಿದೆ.

"ಈ ಚಳೀಲಿ ಹಿಟ್ಟು ಉಬ್ಬೋದು ಬೇಡ್ವಾ ಮಾರಾಯ?" ಅಂದಳು ಅಮ್ಮ.

ನಾನು ವಯರ್ ಎಳೆದುಹಾಕಿದೆ. ಚಕ್ರ ನಿಂತಿತು. ಗೆದ್ದ ಖುಷಿಯಲ್ಲಿ ಮಲಗಿದೆ.

ಬೆಳಿಗ್ಗೆ ಅಮ್ಮ ನನ್ನ ತಟ್ಟೆಗೆ ಇಡ್ಲಿ ಹಾಕಿದಾಗ ಸ್ಟೀಲಿನ ತಟ್ಟೆ ಟಣ್ ಎಂದಿತು.

"ನೀನು ಮೀಟರ್ ನಿಲ್ಸಿದೆ, ಹಿಟ್ಟೂ ನಿಂತ್ಕಂಡ್ತು. ತಿನ್ನು ಈಗ."